ಹಳೆಯ ಸ್ವಿಫ್ಟ್ ಆಯಿಲ್ ಕುಡಿಯುತ್ತಿದೆ, ದಪ್ಪ ಆಯಿಲ್ ಹಾಕಿಸಲೇ?

ಪ್ರಶ್ನೆ: ನನ್ನದು 2012ರ ಮಾರುತಿ ಸ್ವಿಫ್ಟ್ ಪೆಟ್ರೋಲ್. 1,68,000 ಕಿ.ಮೀ. ಓಡಿದೆ. ಶಿವಮೊಗ್ಗದಲ್ಲಿ ದಿನಾ ಆಫೀಸಿಗೆ ನಾಲ್ಕೈದು ಕಿ.ಮೀ. ಹೋಗಿಬರುತ್ತೇನೆ. ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವುದಿದೆ. ಸರ್ವಿಸ್ ಮಾಡಿಸಿ 4,000 ಕಿ.ಮೀ. ಆಗುವಷ್ಟರಲ್ಲಿ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗುರುತಿನಿಂದ ಕೆಳಗಿನ ಗುರುತಿಗೆ ಬಂದಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ನೀಲಿ ಹೊಗೆ ಬರುತ್ತದೆ. ಹೊಸ ಆಯಿಲ್ 1,500 ಕಿ.ಮೀ.ಗೇ ಕಪ್ಪಾಗುತ್ತದೆ. ಮೆಕ್ಯಾನಿಕ್ 20ಡಬ್ಲ್ಯೂ-50 ಗ್ರೇಡಿನ ದಪ್ಪ ಆಯಿಲ್ ಹಾಕಿಸಿ ಅನ್ನುತ್ತಾರೆ. ಅಂಗಡಿಯವರು ಫುಲ್ ಸಿಂಥೆಟಿಕ್ (ರಾಸಾಯನಿಕವಾಗಿ ತಯಾರಿಸಿದ ಆಯಿಲ್) ಅನ್ನುತ್ತಾರೆ, ಜೊತೆಗೆ ಹೊಗೆ ನಿಲ್ಲಿಸುವ ಸಣ್ಣ ಬಾಟಲಿಯೊಂದನ್ನೂ ತೋರಿಸಿದರು. ಹಳೆ ಗಾಡಿಗೆ ಸಿಂಥೆಟಿಕ್ ಹಾಕಿದರೆ ಲೀಕ್ ಆಗುತ್ತೆ ಎಂದು ತಮ್ಮ ಹೆದರಿಸುತ್ತಾನೆ. ಕೈಪಿಡಿಯಲ್ಲಿ 5ಡಬ್ಲ್ಯೂ-30 ಎಂದಿದೆ. ಮುಂದಿನ ವರ್ಷ 15 ವರ್ಷದ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಬೇರೆ ಮಾಡಿಸಬೇಕು. ಎಂಜಿನ್ ಬೋರಿಗೆ (ಸವೆದ ಸಿಲಿಂಡರ್ ಕೊರೆಸಿ ಸರಿಮಾಡಿಸುವ ಹಂತಕ್ಕೆ) ಬಂದಿದೆಯೇ? ಯಾವ ಆಯಿಲ್ ಹಾಕಲಿ?

ಉತ್ತರ: ನಿಮಗೆ ಸಲಹೆ ಕೊಟ್ಟವರೆಲ್ಲ ಯಾವ ಆಯಿಲ್ ಹಾಕಬೇಕು ಅಂತ ಹೇಳಿದ್ದಾರೆ. ಈಗಿರುವ ಆಯಿಲ್ ಎಲ್ಲಿಗೆ ಹೋಗುತ್ತಿದೆ ಅಂತ ಯಾರೂ ಕೇಳಿದಂತಿಲ್ಲ. ಮೊದಲು ಅದನ್ನೇ ನೋಡೋಣ.

ನಿಮ್ಮ ಲೆಕ್ಕ ಸರಿ ಇದ್ದರೆ ಪರಿಸ್ಥಿತಿ ನೀವು ಹೆದರಿದಷ್ಟು ಕೆಟ್ಟಿಲ್ಲ. ಡಿಪ್‌ಸ್ಟಿಕ್‌ನ ಎರಡು ಗುರುತುಗಳ ನಡುವೆ ಹೆಚ್ಚಿನ ಕಾರುಗಳಲ್ಲಿ ಸುಮಾರು ಒಂದು ಲೀಟರ್ ಅಂತರ ಇರುತ್ತದೆ. ಅಂದರೆ ನಿಮ್ಮ ಗಾಡಿ 1,000 ಕಿ.ಮೀ.ಗೆ ಹೆಚ್ಚೆಂದರೆ ಕಾಲು ಲೀಟರ್ ಕುಡಿಯುತ್ತಿದೆ. ಕೆಲವು ಕಾರು ಕಂಪನಿಗಳು ತಮ್ಮ ಕೈಪಿಡಿಯಲ್ಲೇ 1,000 ಕಿ.ಮೀ.ಗೆ ಅರ್ಧ ಲೀಟರ್ ತನಕ ಖರ್ಚಾಗಬಹುದು ಎಂದು ಬರೆದುಕೊಂಡಿವೆ. ಒಂದೂವರೆ ಲಕ್ಷ ದಾಟಿದ ಎಂಜಿನ್‌ಗೆ ಕಾಲು ಲೀಟರ್ ದೊಡ್ಡ ವಿಷಯವಲ್ಲ. ಬೋರ್ ಮಾಡಿಸುವ ಮಾತು ಈಗಲೇ ಬೇಡ.

ಆದರೆ ಅಪಾಯ ಬೇರೆ ಕಡೆ ಇದೆ. ನಿಮ್ಮ ಎಂಜಿನ್ ಹಿಡಿಯುವುದೇ ಸುಮಾರು 3 ಲೀಟರ್. ಇದೇ ವೇಗದಲ್ಲಿ ಹೋದರೆ, ನಡುವೆ ಟಾಪ್-ಅಪ್ ಮಾಡದೆ 10,000 ಕಿ.ಮೀ. ಓಡಿಸಿದಿರಿ ಅಂತ ಇಟ್ಟುಕೊಳ್ಳಿ. ಎರಡೂವರೆ ಲೀಟರ್ ಹೋಗಿರುತ್ತದೆ, ಒಳಗೆ ಉಳಿಯುವುದು ಅರ್ಧ ಲೀಟರ್. ವರ್ಕ್‌ಶಾಪಿಗೆ ಎಳೆದು ತರುವ ಹಳೆ ಕಾರುಗಳಲ್ಲಿ ಜಾಸ್ತಿ ಎಂಜಿನ್‌ಗಳು ಸತ್ತಿರುವುದು ಹೀಗೇ. ತಪ್ಪು ಬ್ರ್ಯಾಂಡ್ ಹಾಕಿ ಸತ್ತ ಎಂಜಿನ್ ಅಪರೂಪ. ಆಯಿಲ್ ಇಲ್ಲದೆ ಸತ್ತದ್ದು ಬೇಕಾದಷ್ಟು. "ಸರ್ವಿಸ್ ಟೈಮಿಗೆ ಸರಿಯಾಗಿ ಮಾಡಿಸಿದ್ದೀನಿ ಸಾರ್" ಅನ್ನುತ್ತಾರೆ. ಸುಳ್ಳಲ್ಲ, ನಡುವೆ ಬಾನೆಟ್ ಎತ್ತಿ ನೋಡಿರುವುದಿಲ್ಲ ಅಷ್ಟೇ.

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಇದೆಯಲ್ಲ ಅಂತ ನಂಬಿ ಕೂರಬೇಡಿ. ಅದು ಆಯಿಲ್ ಎಷ್ಟಿದೆ ಎಂದು ಹೇಳುವ ದೀಪವಲ್ಲ, ಒತ್ತಡ ಬಿದ್ದಿದೆ ಎಂದು ಹೇಳುವ ದೀಪ. ಹೆಚ್ಚಾಗಿ ಎಂಜಿನ್ ಒಳಗಿನ ಪಂಪಿಗೆ ಎಳೆಯಲು ಆಯಿಲ್ ಸಿಗದೆ ಗಾಳಿ ಸಿಕ್ಕಾಗಲೇ ಹೊತ್ತುತ್ತದೆ. ತಿರುವಿನಲ್ಲಿ ಒಮ್ಮೆ ಮಿಣುಕಿದರೂ ಸರಿ, ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಮುಂದಿನ ಪೆಟ್ರೋಲ್ ಬಂಕ್ ತನಕ ಹೋಗೋಣ ಅನ್ನಬೇಡಿ.

ಈಗ ಅಳತೆಯ ವಿಷಯ. ಬಂಕ್‌ನಲ್ಲಿ ಗಾಡಿ ನಿಲ್ಲಿಸಿದ ತಕ್ಷಣ ಕಡ್ಡಿ ಎಳೆದು ನೋಡಿದರೆ ಆಯಿಲ್ ಕಡಿಮೆ ಕಾಣುತ್ತದೆ. ಒಂದಷ್ಟು ಆಯಿಲ್ ಇನ್ನೂ ಮೇಲೆ, ಎಂಜಿನ್‌ನ ಮೇಲ್ಭಾಗವಾದ ಹೆಡ್‌ನಲ್ಲೇ ಇರುತ್ತದೆ. ಇಳಿಜಾರಿನಲ್ಲಿ ನೋಡಿದರೂ ಲೆಕ್ಕ ತಪ್ಪು. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಇಲ್ಲವೇ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ನೋಡಿ. ಕಡ್ಡಿ ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ಎರಡೂ ಮುಖ ನೋಡಿ. ಎರಡು ಮುಖದಲ್ಲಿ ಬೇರೆ ಬೇರೆ ಮಟ್ಟ ಕಂಡರೆ ಕಡಿಮೆ ಇರುವುದನ್ನೇ ಲೆಕ್ಕಕ್ಕೆ ಹಿಡಿಯಿರಿ. ಪ್ರತಿ ಸಲ ಒಂದೇ ಜಾಗ, ಒಂದೇ ಹೊತ್ತು ಇರಲಿ. ಓಡೋಮೀಟರ್ ಎಷ್ಟಿತ್ತು, ಎಷ್ಟು ಹಾಕಿದೆ ಎನ್ನುವುದನ್ನು ಫೋನಿನಲ್ಲೇ ಬರೆದಿಡಿ. ನಿಮ್ಮ ಗಾಡಿಗೆ ಹದಿನೈದು ದಿನಕ್ಕೊಮ್ಮೆ ನೋಡಿದರೆ ಸಾಕು, ಘಾಟಿ ಇಳಿಯುವ ಹಿಂದಿನ ದಿನವಂತೂ ನೋಡಲೇಬೇಕು.

ಟಾಪ್-ಅಪ್ ಮಾಡುವಾಗ ಕಾಲು ಲೀಟರ್ ಹಾಕಿ, ಸ್ವಲ್ಪ ಕಾದು, ಮತ್ತೆ ನೋಡಿ. ಮೇಲಿನ ಗುರುತು ದಾಟಿಸಬೇಡಿ. "ಹೇಗೂ ಕುಡಿಯುತ್ತಲ್ಲ, ಒಂದು ಅರ್ಧ ಲೀಟರ್ ಜಾಸ್ತಿನೇ ಇರಲಿ" ಎನ್ನುವ ಜಾಣತನ ತಿರುಗಿ ಹೊಡೆಯುತ್ತದೆ. ಮಟ್ಟ ಜಾಸ್ತಿಯಾದರೆ ತಿರುಗುವ ಕ್ರ್ಯಾಂಕ್ ದಂಡವು ಆಯಿಲ್‌ಗೆ ತಾಗಿ ಅದನ್ನು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿ ಗಾಳಿ ಇರುವುದರಿಂದ ಬೇರಿಂಗ್‌ಗೆ ಒತ್ತಡ ಸಿಗುವುದಿಲ್ಲ. ಹೆಚ್ಚುವರಿ ಆಯಿಲ್ ಉಸಿರಾಟದ ಪೈಪ್ ಹಿಡಿದು ಎಂಜಿನ್ ಒಳಗೇ ಹೋಗಿ ಉರಿಯುತ್ತದೆ. ಹೊಗೆ ಇನ್ನೂ ಜಾಸ್ತಿ.

ಕಪ್ಪು ಬಣ್ಣದ ಬಗ್ಗೆ ಚಿಂತೆ ಬಿಡಿ. ಆಯಿಲ್‌ನಲ್ಲಿ ಕೊಳೆ ಬಿಡಿಸುವ ಡಿಟರ್ಜೆಂಟ್ ಇರುತ್ತದೆ. ಬಟ್ಟೆ ಒಗೆದ ನೀರು ಕೊಳಕಾದರೆ ಸೋಪು ಕೆಲಸ ಮಾಡಿದೆ ಅಂತ ತಾನೇ ಅರ್ಥ? ಹಳೆ ಎಂಜಿನ್‌ನಲ್ಲಿ ಮಸಿ ಜಾಸ್ತಿ ಇರುವುದರಿಂದ ಬೇಗ ಕಪ್ಪಾಗುತ್ತದೆ. ಡೀಸೆಲ್ ಗಾಡಿಯಲ್ಲಂತೂ ಆಯಿಲ್ ಬದಲಿಸಿದ ದಿನವೇ ಕಪ್ಪು. ಬೆರಳಲ್ಲಿ ಉಜ್ಜಿ "ಶಕ್ತಿ ಹೋಗಿದೆ" ಅನ್ನುವುದೂ ಸುಮ್ನೆ ಮಾತು. ಬೆರಳಿಗೆ ಹರಳು ಸಿಕ್ಕರೆ, ಬಿಸಿಲಿನಲ್ಲಿ ಲೋಹದ ಪುಡಿ ಮಿನುಗಿದರೆ, ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ಮಾತ್ರ ತಲೆಕೆಡಿಸಿಕೊಳ್ಳಿ. ಮಟ್ಟ ತಾನಾಗೇ ಏರುತ್ತಿದ್ದರೆ ಅದು ಇಳಿಯುವುದಕ್ಕಿಂತ ಕೆಟ್ಟ ಸುದ್ದಿ, ಒಳಗೆ ಪೆಟ್ರೋಲೋ ಕೂಲಂಟೋ ಸೇರುತ್ತಿದೆ.

ಮಲೆನಾಡಿನವರು ಕೇಳುವ ಇನ್ನೊಂದು ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೆ ಮಳೆಗಾಲದಲ್ಲಿ ಕೇಳುತ್ತೀರಿ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಬೆಣ್ಣೆ ಬಣ್ಣದ ಅಂಟು ಕಾಣುತ್ತದೆ. ಗಾಬರಿಯಾಗಿ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ಹೋಗಿ ಕೂಲಂಟ್ ಸೇರುತ್ತಿದೆ ಅಂದುಕೊಳ್ಳುತ್ತಾರೆ. ಕೂಲಂಟ್ ಡಬ್ಬಿಯಲ್ಲಿ ಮಟ್ಟ ಇಳಿದಿಲ್ಲ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲಿನಂತಾಗಿಲ್ಲ ಎಂದರೆ ಅದು ಬರೀ ತೇವ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಭಾಗ ಪಿಸ್ಟನ್ ಸುತ್ತ ಇರುವ ರಿಂಗ್ ದಾಟಿ ಕೆಳಗಿಳಿಯುತ್ತದೆ. ಆಯಿಲ್ ಚೆನ್ನಾಗಿ ಬಿಸಿಯಾದರೆ ಆವಿ ಹೊರಟುಹೋಗುತ್ತದೆ. ನಾಲ್ಕೈದು ಕಿ.ಮೀ. ಓಡಿ ಆಫ್ ಆದರೆ ಹೋಗುವುದಿಲ್ಲ. ಕೂಲಂಟ್ ಬಿಸಿಯಾದರೂ ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು. ಹಾಗೇ ಉಳಿದ ನೀರು, ಉರಿಯದ ಪೆಟ್ರೋಲ್ ಮತ್ತು ಮಸಿ ಸೇರಿ ನಿಧಾನಕ್ಕೆ ಆಮ್ಲವೂ ಕೆಸರೂ ಆಗುತ್ತವೆ. ನಿಮ್ಮ ಎಂಜಿನ್‌ಗೆ ಆಗುಂಬೆ ಪ್ರಯಾಣಕ್ಕಿಂತ ದಿನದ ಈ ಆಫೀಸ್ ಓಡಾಟವೇ ಹೆಚ್ಚು ಕಷ್ಟದ ಕೆಲಸ. ಹಾಗಾಗಿ ನಿಮಗೆ ಕೈಪಿಡಿಯ 10,000 ಕಿ.ಮೀ. ಲೆಕ್ಕ ಬೇಡ. 5,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಫಿಲ್ಟರ್ ಪ್ರತಿ ಸಲ ಹೊಸದು.

ಇನ್ನು ಆಯಿಲ್ ಹೋಗುವ ದಾರಿಗಳು. ಸುಲಭದ್ದು ಮೊದಲು. ರಾತ್ರಿ ಎಂಜಿನ್ ಕೆಳಗೆ ದೊಡ್ಡ ರಟ್ಟು ಹಾಸಿ, ಬೆಳಿಗ್ಗೆ ಹನಿ ಬಿದ್ದಿದೆಯೇ ನೋಡಿ. ಮೇಲಿನ ವಾಲ್ವ್ ಕವರ್ ಗ್ಯಾಸ್ಕೆಟ್ ಸೋರುತ್ತಿದ್ದರೆ ಆಯಿಲ್ ನೆಲಕ್ಕೆ ಬೀಳದೆ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಸುಟ್ಟುಹೋಗಬಹುದು. ಆಗ ರಟ್ಟಿನಲ್ಲಿ ಏನೂ ಕಾಣದು, ಸಿಗ್ನಲ್‌ನಲ್ಲಿ ನಿಂತಾಗ ಕಮಟು ವಾಸನೆ ಬರುತ್ತದೆ. ಆಮೇಲೆ ಪಿಸಿವಿ ವಾಲ್ವ್. ಎಂಜಿನ್ ಒಳಗಿನ ಆವಿಯನ್ನು ಮತ್ತೆ ಉರಿಯಲು ಕಳಿಸುವ ಸಣ್ಣ ಭಾಗ ಅದು. ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಎಲ್ಲ ಸೀಲ್‌ಗಳಿಂದಲೂ ಆಯಿಲ್ ಹೊರಗೆ ತಳ್ಳುತ್ತದೆ. ಅಗ್ಗದ ಭಾಗ, ಬಿಚ್ಚಿ ಅಲ್ಲಾಡಿಸಿದರೆ ಕಟಕಟ ಅನ್ನಬೇಕು. ಅನ್ನದಿದ್ದರೆ ಬದಲಿಸಿ. ಆಯಿಲ್ ಕುಡಿಯುವ ಗಾಡಿ ಬಂದರೆ ನಾನು ದುಬಾರಿ ಯೋಚನೆಗೆ ಹೋಗುವ ಮುಂಚೆ ಇದನ್ನು ನೋಡುತ್ತೇನೆ. ಬಹಳ ಕಡೆ ನೋಡುವುದೇ ಇಲ್ಲ.

ನಿಮ್ಮ ವಿಷಯದಲ್ಲಿ ನನ್ನ ಅನುಮಾನ ವಾಲ್ವ್ ಸೀಲ್ ಮೇಲೆ. ವಾಲ್ವ್ ಕಡ್ಡಿಗೆ ಹಾಕಿದ ರಬ್ಬರ್ ಟೋಪಿಗಳು ಅವು. ವರ್ಷಗಟ್ಟಲೆ ಬಿಸಿಗೆ ಗಟ್ಟಿಯಾಗುತ್ತವೆ. ರಾತ್ರಿ ಗಾಡಿ ನಿಂತಿದ್ದಾಗ ಹೆಡ್‌ನಲ್ಲಿದ್ದ ಆಯಿಲ್ ಹನಿಹನಿಯಾಗಿ ಕೆಳಗಿಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಅದು ಉರಿದು ನೀಲಿ ಹೊಗೆ ಬಂದು ಕೆಲವೇ ಕ್ಷಣದಲ್ಲಿ ನಿಲ್ಲುತ್ತದೆ. ಇದನ್ನು ಖಚಿತ ಮಾಡಿಕೊಳ್ಳಲು ನಿಮ್ಮ ಹತ್ತಿರವೇ ಒಳ್ಳೆ ಜಾಗ ಇದೆ. ಆಗುಂಬೆ ಘಾಟಿಯನ್ನು ಸೆಕೆಂಡ್ ಗೇರಿನಲ್ಲಿ, ಆಕ್ಸಿಲರೇಟರ್ ಬಿಟ್ಟು ಇಳಿಯುತ್ತೀರಲ್ಲ, ಆಗ ಎಂಜಿನ್ ಒಳಗೆ ನಿರ್ವಾತ ಜೋರಾಗಿರುತ್ತದೆ. ಅದು ಸಡಿಲ ಸೀಲ್ ದಾಟಿಸಿ ಆಯಿಲ್ ಹೀರುತ್ತದೆ. ಕೆಳಗೆ ಸೋಮೇಶ್ವರದಲ್ಲಿ ರಸ್ತೆ ಸಮವಾದ ಮೇಲೆ ಮೊದಲ ಸಲ ಆಕ್ಸಿಲರೇಟರ್ ಒತ್ತಿದಾಗ ಹಿಂದೆ ಬರುವ ಗಾಡಿಯವರಿಗೆ ನೀಲಿ ಹೊಗೆ ಕಂಡರೆ ವಾಲ್ವ್ ಸೀಲ್ ಎಂದೇ ಹೇಳಬಹುದು. ಹಿಂದಿನ ಗಾಡಿಯಲ್ಲಿ ನಿಮ್ಮ ತಮ್ಮನನ್ನೇ ಕೂರಿಸಿ!

ಅದೇ ಹೊಗೆ ಘಾಟಿ ಹತ್ತುವಾಗ, ಲೋಡ್ ಬಿದ್ದಾಗ, ಬಿಡದೆ ಬರುತ್ತಿದ್ದರೆ ದೋಷ ರಿಂಗ್‌ಗಳದ್ದು. ಅದರಲ್ಲೂ ಎರಡು ಬಗೆ ಇದೆ. ರಿಂಗ್ ಸವೆದಿರಬಹುದು, ಅಥವಾ ಕಾರ್ಬನ್ ಕಟ್ಟಿ ಜಾಗದಲ್ಲೇ ಅಂಟಿಕೊಂಡಿರಬಹುದು. ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡದ ಅಳತೆ) ಮಾಡಿಸಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಆದರೆ ಕಂಪ್ರೆಷನ್ ಚೆನ್ನಾಗಿದೆ ಎಂದ ಮಾತ್ರಕ್ಕೆ ರಿಂಗ್ ಚೆನ್ನಾಗಿದೆ ಎಂದಲ್ಲ. ಒತ್ತಡ ಹಿಡಿಯುವ ರಿಂಗ್ ಬೇರೆ, ಆಯಿಲ್ ಕೆರೆಯುವ ರಿಂಗ್ ಬೇರೆ. ಎರಡನೆಯದು ಮಾತ್ರ ಅಂಟಿಕೊಂಡಿದ್ದರೆ ಗಾಡಿ ಜೋರಾಗೇ ಓಡುತ್ತದೆ, ಆಯಿಲನ್ನೂ ಕುಡಿಯುತ್ತದೆ. ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ಬಿಚ್ಚಿ ಸಾಲಾಗಿ ಇಟ್ಟರೆ ಎಣ್ಣೆ ಎಣ್ಣೆಯಾಗಿರುವ ಪ್ಲಗ್ ಯಾವ ಸಿಲಿಂಡರ್ ತಪ್ಪಿತಸ್ಥ ಎಂದು ತೋರಿಸುತ್ತದೆ.

ಈಗ ಬರೋಣ ದಪ್ಪ ಆಯಿಲ್‌ಗೆ. ನಿಮ್ಮ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ತಪ್ಪಲ್ಲ, ಹಳೆ ಕಾಲದ ಎಂಜಿನ್‌ಗಳಿಗೆ ಸರಿಯಾಗಿದ್ದ ಮಾತು. ಗ್ರೇಡ್‌ನಲ್ಲಿ ಡಬ್ಲ್ಯೂ ಜೊತೆ ಇರುವ ಸಂಖ್ಯೆ ಚಳಿಯಲ್ಲಿ ಹರಿಯುವ ಗುಣ, ಎರಡನೆಯದು ಎಂಜಿನ್ ಬಿಸಿಯಾದಾಗ ಇರುವ ದಪ್ಪ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದಾಗ 30 ಗ್ರೇಡ್ 9.3ರಿಂದ 12.5 ಸೆಂಟಿಸ್ಟೋಕ್ (ದಪ್ಪ ಅಳೆಯುವ ಮಾನ) ಒಳಗೆ ಇರಬೇಕು, 40 ಅಂದರೆ 16.3ರ ತನಕ, 50 ಅಂದರೆ 21.9ರ ತನಕ. ಅಂದರೆ 30ರಿಂದ 50ಕ್ಕೆ ಹಾರುವುದು ಹೆಚ್ಚುಕಡಿಮೆ ದುಪ್ಪಟ್ಟು ದಪ್ಪ. ನಿಮ್ಮ ಸ್ವಿಫ್ಟ್‌ನಲ್ಲಿ ವಾಲ್ವ್ ಟೈಮಿಂಗ್ ಬದಲಿಸುವ ವಿವಿಟಿ ವ್ಯವಸ್ಥೆ ಇದೆ. ಅದನ್ನು ನಡೆಸುವುದೇ ಆಯಿಲ್ ಒತ್ತಡ, ಸಣ್ಣ ಸಣ್ಣ ದಾರಿಗಳ ಮೂಲಕ. ಟೈಮಿಂಗ್ ಚೈನ್ ಬಿಗಿ ಹಿಡಿಯುವುದೂ ಆಯಿಲ್ ಒತ್ತಡವೇ. 20ಡಬ್ಲ್ಯೂ-50 ಹಾಕಿದರೆ ಬೆಳಿಗ್ಗೆ ಅಲ್ಲಿಗೆಲ್ಲ ಆಯಿಲ್ ತಲುಪುವುದು ತಡ. ಮೈಲೇಜೂ ಇಳಿಯುತ್ತದೆ. ಹೊಗೆ ಕಡಿಮೆಯಾದಂತೆ ಕಾಣಬಹುದು, ಆದರೆ ಗಟ್ಟಿಯಾದ ಸೀಲ್ ಗಟ್ಟಿಯಾಗೇ ಇರುತ್ತದೆ.

"ನಮ್ಮೂರ ಬಿಸಿಲಿಗೆ ದಪ್ಪ ಆಯಿಲ್ಲೇ ಬೇಕು" ಎನ್ನುವ ಮಾತನ್ನೂ ಸ್ವಲ್ಪ ತೂಗಿ ನೋಡಬೇಕು. ಥರ್ಮೋಸ್ಟಾಟ್ ಎಂಜಿನ್‌ನ ನೀರನ್ನು ಸುಮಾರು 90 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುತ್ತದೆ, ಗಾಡಿ ಮಡಿಕೇರಿಯಲ್ಲಿರಲಿ, ರಾಯಚೂರಿನಲ್ಲಿರಲಿ. ಹೊರಗೆ 40 ಡಿಗ್ರಿ ಇದ್ದರೆ ಆಯಿಲ್ ಸ್ವಲ್ಪ ಜಾಸ್ತಿ ಬಿಸಿಯಾಗುವುದು ನಿಜ. ಆದರೆ ಅದಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವುದು ಲೋಡ್ ಮತ್ತು ವೇಗ.

ಒಂದು ಮೆಟ್ಟಿಲು ಮೇಲೆ ಹೋಗುವುದು ಬೇರೆ ವಿಷಯ. 5ಡಬ್ಲ್ಯೂ-40 ಹಾಕಿದರೆ ತಣ್ಣಗಿದ್ದಾಗಿನ ಹರಿವು ಅದೇ ದರ್ಜೆಯದು, ಬಿಸಿಯಾದಾಗ ಸ್ವಲ್ಪ ದಪ್ಪ. ಕೈಪಿಡಿಯಲ್ಲಿ ಉಷ್ಣತೆಗೆ ತಕ್ಕ ಗ್ರೇಡ್‌ಗಳ ಚಾರ್ಟ್ ಇದ್ದರೆ ನೋಡಿ, 40 ಅದರಲ್ಲಿದ್ದರೆ ಧೈರ್ಯವಾಗಿ ಹಾಕಬಹುದು. ಮೈಲೇಜ್ ಒಂಚೂರು ಕಡಿಮೆಯಾದೀತು. ಆದರೂ ನಾನಾದರೆ ಇದಕ್ಕೂ ಮುಂಚೆ ಒಂದು ಸಲ 5ಡಬ್ಲ್ಯೂ-30ರಲ್ಲೇ ಒಳ್ಳೆ ಸಿಂಥೆಟಿಕ್ ಹಾಕಿ 2,000 ಕಿ.ಮೀ. ಲೆಕ್ಕ ನೋಡುತ್ತೇನೆ. ಕಾರಣ ಇದೆ. ಬಿಸಿಗೆ ಆಯಿಲ್ ಆವಿಯಾಗಿಯೂ ಹೋಗುತ್ತದೆ. 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ಎಷ್ಟು ಹೋಯಿತು ಎಂದು ತೂಗುವ ನೋಯಾಕ್ ಪರೀಕ್ಷೆಯಲ್ಲಿ ಸಿಂಥೆಟಿಕ್‌ಗಳು ಸಾಮಾನ್ಯವಾಗಿ ಕಡಿಮೆ ಕಳೆದುಕೊಳ್ಳುತ್ತವೆ. ಬರೀ ಇಷ್ಟರಿಂದಲೇ ಖರ್ಚು ಇಳಿಯುವ ಗಾಡಿಗಳೂ ಇವೆ.

ನಿಮ್ಮ ತಮ್ಮನ ಹೆದರಿಕೆಗೆ ಹಳೆಯ ಬೇರು ಇದೆ. 1970ರ ದಶಕದ ಸಿಂಥೆಟಿಕ್‌ಗಳು ಅಂದಿನ ರಬ್ಬರ್ ಸೀಲ್‌ಗಳಿಗೆ ಹೊಂದದೆ ಕೆಲವು ಕಡೆ ಸೋರಿಸಿದ್ದವು. ಆಮೇಲೆ ಸೂತ್ರ ಬದಲಾಯಿತು, ಸೀಲ್ ಮೆದುವಾಗಿಡುವ ಅಂಶ ಸೇರಿತು. ಇಂದಿಗೂ ನಡೆಯುವುದು ಒಂದಿದೆ. ಸೋರುವ ಜಾಗವನ್ನು ಹಳೆ ಕೆಸರೇ ಮುಚ್ಚಿಕೊಂಡಿದ್ದರೆ, ಚೆನ್ನಾಗಿ ತೊಳೆಯುವ ಹೊಸ ಆಯಿಲ್ ಆ ಕೆಸರನ್ನು ತೆಗೆದು ಸೋರಿಕೆಯನ್ನು ಬಯಲು ಮಾಡುತ್ತದೆ. ತೂತು ಮೊದಲೇ ಇತ್ತು. ಒಮ್ಮೆ ಸಿಂಥೆಟಿಕ್ ಹಾಕಿದರೆ ಮತ್ತೆ ಮಿನರಲ್ (ಸಾಮಾನ್ಯ ಆಯಿಲ್) ಹಾಕಬಾರದು ಎನ್ನುವುದೂ ನಿಜವಲ್ಲ. ದಾರಿಯಲ್ಲಿ ಮಟ್ಟ ಇಳಿದಿದ್ದು ಕಂಡರೆ ಸಿಕ್ಕಿದ ಬ್ರ್ಯಾಂಡಿನ ಕಾರ್ ಪೆಟ್ರೋಲ್ ಎಂಜಿನ್ ಆಯಿಲ್ ಬೆರೆಸಿ, ಏನೂ ಆಗದು.

ವಿದೇಶದಲ್ಲಿ "ಹೈ ಮೈಲೇಜ್" ಎಂಬ ಹೆಸರಿನ ಆಯಿಲ್ ಬರುತ್ತದೆ. ವಾಲ್ವೊಲಿನ್ ಕಂಪನಿ 2000ದಲ್ಲಿ ಮ್ಯಾಕ್ಸ್‌ಲೈಫ್ ಹೆಸರಲ್ಲಿ ಶುರು ಮಾಡಿದ ಬಗೆ ಅದು. ಸೀಲ್ ಸ್ವಲ್ಪ ಉಬ್ಬಿಸುವ ಅಂಶ ಮತ್ತು ಡಿಟರ್ಜೆಂಟ್ ಹೆಚ್ಚು ಇರುತ್ತದೆ. ನಿಮ್ಮ ಗ್ರೇಡ್‌ನಲ್ಲಿ ಸಿಕ್ಕರೆ ಹಾಕಿ ನೋಡುವುದರಲ್ಲಿ ತಪ್ಪಿಲ್ಲ. ಸಣ್ಣ ಜಿನುಗು ನಿಲ್ಲಬಹುದು. ಬಿರುಕು ಬಿಟ್ಟ ಸೀಲ್ ಮಾತ್ರ ಯಾವ ಆಯಿಲ್‌ಗೂ ಕೂಡಿಕೊಳ್ಳದು. ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಡಿ.

ಡಬ್ಬಿ ಕೊಳ್ಳುವಾಗ ಗ್ರೇಡ್ ಆದಮೇಲೆ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆ) ಗುಣಮಟ್ಟದ ಗುರುತು ನೋಡಿ. ಪೆಟ್ರೋಲ್‌ಗೆ ಎಸ್‌ನಿಂದ ಶುರುವಾಗುವ ಎರಡಕ್ಷರ. ಎಸ್‌ಎನ್ 2010ರದು, ಎಸ್‌ಪಿ 2020ರದು. ನಿಮಗೆ ಎರಡೂ ಆಗುತ್ತದೆ, ಹೊಸದು ಹಳೆಯದರ ಜಾಗದಲ್ಲಿ ನಡೆಯುತ್ತದೆ. ಸರ್ವೋ, ಮ್ಯಾಕ್, ಕ್ಯಾಸ್ಟ್ರಾಲ್, ಶೆಲ್ ಎಂದು ಜಗಳ ಬೇಡ. ಗ್ರೇಡ್ ಮತ್ತು ಗುರುತು ಒಂದೇ ಆದರೆ ಅಗ್ಗ ಸಿಕ್ಕಿದ್ದು ಸಾಕು. ಅಸಲಿಯೇ ಎನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಬಂಕ್‌ನಿಂದಲೋ ಅಧಿಕೃತ ಡೀಲರ್‌ನಿಂದಲೋ ಬಿಲ್ ಸಮೇತ ಕೊಳ್ಳಿ, ಸೀಲ್ ನಿಮ್ಮೆದುರೇ ಒಡೆಸಿ. ಖಾಲಿ ಡಬ್ಬಿಗೆ ತೂತು ಹೊಡೆಯಿರಿ, ಇಲ್ಲದಿದ್ದರೆ ಅದರಲ್ಲೇ ನಕಲಿ ತುಂಬಿ ಬರುತ್ತದೆ. ಬೈಕ್ ಆಯಿಲ್ ಕಾರಿಗೆ ಬೇಡ, ಅದರ ಲೆಕ್ಕವೇ ಬೇರೆ.

ಹೊಗೆ ನಿಲ್ಲಿಸುವ ಬಾಟಲಿ ಬಿಟ್ಟುಬಿಡಿ. ಅವುಗಳಲ್ಲಿ ಬಹುಪಾಲು ಆಯಿಲನ್ನು ದಪ್ಪ ಮಾಡುವ ಪಾಲಿಮರ್ ಅಷ್ಟೇ. ಗಾಡಿ ಮಾರುವವರಿಗೆ ಉಪಯೋಗಕ್ಕೆ ಬರುತ್ತದೆ, ಇಟ್ಟುಕೊಳ್ಳುವವರಿಗಲ್ಲ. ಒಳಗಿನ ಕೆಸರನ್ನು ಒಮ್ಮೆಲೇ ತೊಳೆಯುವ ಎಂಜಿನ್ ಫ್ಲಶ್ ಕೂಡ ನಿಮ್ಮ ಗಾಡಿಗೆ ನಾನು ಹೇಳುವುದಿಲ್ಲ. ಒಳಗೆ ಎಷ್ಟು ಕೆಸರಿದೆಯೋ ಗೊತ್ತಿಲ್ಲದೆ ಒಂದೇ ಸಲ ಎಬ್ಬಿಸಿದರೆ ಅದು ಕೆಳಗಿನ ಜರಡಿಗೆ ಕಟ್ಟಿ ಪಂಪಿಗೆ ಆಯಿಲ್ ಸಿಗದಂತೆ ಮಾಡಬಹುದು. 5,000 ಕಿ.ಮೀ.ಗೊಮ್ಮೆ ಬದಲಿಸುತ್ತಾ ಹೋದರೆ ಅದೇ ಕೆಲಸ ನಿಧಾನವಾಗಿ, ಅಪಾಯವಿಲ್ಲದೆ ಆಗುತ್ತದೆ. ಅಂಟಿದ ರಿಂಗ್ ಕೆಲವೊಮ್ಮೆ ಹೀಗೇ ಬಿಡುತ್ತದೆ.

ಅಷ್ಟಾದರೂ ಖರ್ಚು ಇಳಿಯದಿದ್ದರೆ ಎರಡು ದಾರಿ. ಒಂದು, ಟಾಪ್-ಅಪ್ ಮಾಡಿಕೊಂಡು ಓಡಿಸುವುದು. ವರ್ಷಕ್ಕೆ 10,000 ಕಿ.ಮೀ. ಓಡಿಸಿದರೂ ಎರಡೂವರೆ ಲೀಟರ್, ಎಂಜಿನ್ ಬಿಚ್ಚುವ ಖರ್ಚಿನ ಮುಂದೆ ಏನೂ ಅಲ್ಲ. ಇದರ ತೊಂದರೆ ಇಷ್ಟು: ಉರಿದ ಆಯಿಲ್‌ನಲ್ಲಿರುವ ರಂಜಕ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ನಿಧಾನಕ್ಕೆ ಕೆಡಿಸುತ್ತದೆ. ಇನ್ನೊಂದು, ವಾಲ್ವ್ ಸೀಲ್ ಬದಲಿಸುವುದು. ಹಲವು ಎಂಜಿನ್‌ಗಳಲ್ಲಿ ಸಿಲಿಂಡರಿಗೆ ಗಾಳಿ ತುಂಬಿ ವಾಲ್ವ್ ಬೀಳದಂತೆ ಹಿಡಿದು, ಹೆಡ್ ಇಳಿಸದೆಯೇ ಸೀಲ್ ಬದಲಿಸುತ್ತಾರೆ. ಕೈ ಪಳಗಿದವರೇ ಬೇಕು, ಟೈಮಿಂಗ್ ಚೈನ್ ಬಿಚ್ಚಿ ಕೂರಿಸುವಾಗ ಒಂದು ಹಲ್ಲು ತಪ್ಪಿದರೂ ಹೊಸ ತಲೆನೋವು. ರಿಂಗ್ ಬದಲಿಸಿ ಬೋರ್ ಮಾಡಿಸುವುದು ಹತ್ತಾರು ಸಾವಿರದ ಕೆಲಸ. 1,000 ಕಿ.ಮೀ.ಗೆ ಮುಕ್ಕಾಲು, ಒಂದು ಲೀಟರ್ ಆಗುವ ತನಕ ಅದನ್ನು ಯೋಚಿಸಬೇಡಿ. ಆಗಲೂ ಗಾಡಿಯ ಬೆಲೆ ನೋಡಿ ತೀರ್ಮಾನಿಸಿ.

ಎಫ್‌ಸಿ ಬಗ್ಗೆ: ಪೆಟ್ರೋಲ್ ಗಾಡಿಗೆ ಹೊಗೆ ತಪಾಸಣೆಯಲ್ಲಿ ಅಳೆಯುವುದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ಆಯಿಲ್ ಉರಿದರೆ ಎರಡನೆಯದು ಏರಬಹುದು. ಎಫ್‌ಸಿಗೆ ಮೂರು ತಿಂಗಳು ಮುಂಚೆಯೇ ಒಂದು ಸಲ ತಪಾಸಣೆ ಮಾಡಿಸಿ ನೋಡಿ. ಅಂಕಿ ಗಡಿಗೆ ಹತ್ತಿರ ಇದ್ದರೆ ವಾಲ್ವ್ ಸೀಲ್ ಕೆಲಸ ಆಗಲೇ ಮಾಡಿಸಿ, ಕೊನೆ ವಾರಕ್ಕೆ ಇಟ್ಟುಕೊಳ್ಳಬೇಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಇಪ್ಪತ್ತು ಕಿ.ಮೀ.ಯಾದರೂ ಓಡಿಸಿ, ಆಮೇಲೆ ತಪಾಸಣೆಗೆ ಹೋಗಿ. ತಣ್ಣಗಿರುವ ಕನ್ವರ್ಟರ್ ಕೆಲಸ ಮಾಡುವುದಿಲ್ಲ, ಚೆನ್ನಾಗಿರುವ ಗಾಡಿಯೂ ಆಗ ಫೇಲ್ ಆಗಬಹುದು.